ದೋಣಿಯ ಬಾಗಿಲು, ಬಚ್ಚಲ ಬಾಗಿಲು

ಬರ್ಮಿಂಗ್‌ಹ್ಯಾಮ್
ಭಾನುವಾರ ರಾತ್ರಿ

ಅಪ್ಪಾಜಿ, ಅವ್ವ, ನಮಸ್ಕಾರ.

ಅಂತೂ ನಾನು ವಾಸವಿರುವ ದೋಣಿಗೆ ಬಾಗಿಲು ಕೂತಿತು. ಮೂರು ವಾರ ಬಾಗಿಲ ಜಾಗಕ್ಕೆ ತಾಡಪತ್ರಿ ಕಟ್ಟಿಕೊಂಡು ಮಲಗಿದ್ದೆ. ಫೋನಿನಲ್ಲಿ ಹೇಳಿರಲಿಲ್ಲ. ಅವ್ವ, ಬೈಯಬೇಡ.

ಅಪ್ಪಾಜಿ, ನೀವು ಹೆದರಿದಂತೆ ಇದು ಹೊಳೆಯಲ್ಲ. ನಮ್ಮ ಭದ್ರಾ ನಾಲೆಯಂಥ ಕಾಲುವೆ. ಆದರೆ ಹೊಲಕ್ಕೆ ನೀರು ಬಿಡಲು ಅಲ್ಲ, ಕಲ್ಲಿದ್ದಲು ಸಾಗಿಸಲು ಇನ್ನೂರು ವರ್ಷಕ್ಕೂ ಹಿಂದೆ ತೋಡಿದ್ದು. ಇಲ್ಲಿನ ಲಾಕ್‌ಗಳು, ಅಂದರೆ ನೀರು ತುಂಬಿಸಿ, ಖಾಲಿ ಮಾಡಿ ದೋಣಿ ಹತ್ತಿಸಿ ಇಳಿಸುವ ಗೇಟಿನ ತೊಟ್ಟಿಗಳು, ಬರೀ 7 ಅಡಿ ಅಗಲ. ಅದಕ್ಕೇ ದೋಣಿ 6 ಅಡಿ 10 ಇಂಚು. ಕ್ಯಾಬಿನ್ ಬಾಗಿಲು ಇನ್ನೂ ಚಿಕ್ಕದು, ತಲೆ ಬಗ್ಗಿಸದಿದ್ದರೆ ಬುಗುಟು ಗ್ಯಾರಂಟಿ.

ಬಾಗಿಲು ಸಾಗುವಾನಿ. ಹಳೇ ಬಣ್ಣ ಕೆರೆದು ಪಾಲಿಶ್ ಪೇಪರ್ ಹಾಕಿದಾಗ ವಾಸನೆಯಲ್ಲೇ ಗೊತ್ತಾಯಿತು. ಮೇಲೆ ಗಟ್ಟಿ, ಕೆಳಗಿನ ಅಡ್ಡಪಟ್ಟಿ ಮಾತ್ರ ರೊಟ್ಟಿ ಹಿಟ್ಟಿನಂತೆ ಮೆತ್ತಗೆ. ತಿರುಗಿಸಿ ನೋಡಿದರೆ, ಕಣ್ಣಿಗೆ ಬೀಳದ ಅಡಿ ಅಂಚಿಗೆ ಹಿಂದಿನವರು ವಾರ್ನಿಷ್ಷನ್ನೇ ಮುಟ್ಟಿಸಿರಲಿಲ್ಲ! ಮಳೆ ನೀರು ಅಲ್ಲಿಂದಲೇ ಹೀರಿಕೊಂಡಿದೆ. ಕೊಳೆತದ್ದನ್ನು ಕತ್ತರಿಸಿ ಹೊಸ ತುಂಡು ಕೂರಿಸಿದೆ. ಸಾಗುವಾನಿಯಲ್ಲಿ ಎಣ್ಣೆ ಜಾಸ್ತಿ ಅಲ್ವಾ, ಅಂಟು ಹಿಡಿಯಲಿ ಅಂತ ಅಸಿಟೋನ್‌ನಲ್ಲಿ ಒರೆಸಿ ಆಮೇಲೆ ಎಪಾಕ್ಸಿ ಅಂಟು ಹಚ್ಚಿದೆ.

ಎರಡು ಹಿತ್ತಾಳೆ ಸ್ಕ್ರೂ ತಲೆ ಮುರಿದುಕೊಂಡವು. ಆಗ ನಿಮ್ಮ ಉಪಾಯ ನೆನಪಾಯಿತು. ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ತಿರುಗಿಸಿ ತೆಗೆದು, ಆಮೇಲೆ ಹಿತ್ತಾಳೆಯದಕ್ಕೆ ಸೋಪು ಸವರಿ ಹಾಕಿದೆ. ಬಿಜಾಗರಿ ಎರಡೂ ಭದ್ರವಾಗಿ ಕೂತವು.

ನಿಮ್ಮ ರಸಮಟ್ಟ ಮಾತ್ರ ಇಲ್ಲಿ ಸುಮ್ನೆ. ನಾನು ಆ ಕಡೆ ಹೋದರೆ ದೋಣಿಯೂ ಆ ಕಡೆ ವಾಲುತ್ತದೆ, ಗುಳ್ಳೆ ನಡುವೆ ನಿಲ್ಲುವುದೇ ಇಲ್ಲ. ಕೊನೆಗೆ ಚೌಕಟ್ಟನ್ನೇ ನಂಬಿ, ಸುತ್ತಲೂ ಒಂದು ಪೌಂಡಿನ ನಾಣ್ಯ ತೂರುವಷ್ಟು ಸಂದು ಬಿಟ್ಟೆ. ನಾಣ್ಯ 2.8 ಮಿಲಿಮೀಟರ್ ದಪ್ಪ, ಸಂದಿಗೆ ನೀವು ಇಡುವ ರೂಪಾಯಿ ನಾಣ್ಯದ ಲೆಕ್ಕಕ್ಕಿಂತ ದುಬಾರಿ!

ಹಾಗೆ ಕೂರಿಸುವ ಮೊದಲು ಒಂದು ಎಡವಟ್ಟು ಆಗುವುದರಲ್ಲಿತ್ತು. ತೇವಕ್ಕೆ ಉಬ್ಬಿದ್ದ ಬಾಗಿಲು ಒಂದು ಕಡೆ ಚೌಕಟ್ಟಿಗೆ ಸಿಕ್ಕುತ್ತಿತ್ತು. ಕೀಸುಳಿ ಕೈಗೆ ತೆಗೆದುಕೊಂಡೂ ಆಗಿತ್ತು. ಆಗ ನಮ್ಮ ಬಚ್ಚಲ ಬಾಗಿಲು ಕಣ್ಣ ಮುಂದೆ ಬಂತು. ಆಷಾಢದಲ್ಲಿ ಉಬ್ಬಿತು ಅಂತ ನೀವು ಕೀಸಿದಿರಿ. ಬೇಸಿಗೆಗೆ ಬೆರಳು ತೂರುವಷ್ಟು ಸಂದಾಗಿ, ಅವ್ವ ವರ್ಷಗಟ್ಟಲೆ ಅದಕ್ಕೆ ಹಳೇ ಸೀರೆ ತುರುಕಿದಳು. ಕೀಸುಳಿ ಕೆಳಗಿಟ್ಟೆ. ಎರಡು ವಾರ ಒಲೆಯಿಂದ ದೂರ, ಗಾಳಿಯಾಡುವ ಕಡೆ ನಿಲ್ಲಿಸಿದೆ. ತಾನೇ ಕುಗ್ಗಿ ಸಲೀಸಾಗಿ ಹೊಕ್ಕಿತು. ಆಮೇಲೆ ಅಡಿ ಅಂಚೂ ಸೇರಿ ಆರು ಸಲ ವಾರ್ನಿಷ್ ಹೊಡೆದೆ, ಮೊದಲನೆಯದು ತೆಳುವಾಗಿ.

ಅವ್ವ, ಮಂಡಕ್ಕಿ ತಲುಪಿತು. ಅರ್ಧ ಪುಡಿ, ಆದರೂ ಖಾರ ಕಲಸಿ ತಿಂದೆ.

ಅಪ್ಪಾಜಿ, ಈಗ ದೇವರ ಕೋಣೆ ಬಾಗಿಲೂ ಸಿಕ್ಕುತ್ತಿದೆಯಂತೆ, ನೀವು ತಾತನ ಕೀಸುಳಿ ಮಸೆಯುತ್ತಿದ್ದೀರಂತೆ. ಅವ್ವ ಹೇಳಿದಳು. ದಯವಿಟ್ಟು ಮಳೆ ಮುಗಿಯುವವರೆಗೆ ಮುಟ್ಟಬೇಡಿ. ದೀಪಾವಳಿಗೆ ನಾನು ಬರುತ್ತೇನೆ.

ನಿಮ್ಮ ಮಗ