ಕೃಷಿ ಪದವಿ ವಿದ್ಯಾರ್ಥಿಗೆ ಬಿತ್ತನೆಯಿಂದ ಒಕ್ಕಣೆಯವರೆಗೆ ತನ್ನದೇ ಒಂದು ತಾಕು ಬೇಕು

ಮಾನ್ಯ ಸಂಪಾದಕರೇ,

ಕೃಷಿ ವಿಜ್ಞಾನದಲ್ಲಿ ಪದವಿ ಪಡೆದು, ಮುಂದೆ ಅದೇ ಪದವಿಯ ತರಗತಿಗಳಿಗೆ ಬಹುಕಾಲ ಬೇಸಾಯಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಈ ಪದವಿಗೆ ಸೇರಬಯಸುವ ಮಕ್ಕಳು, ಅವರ ತಂದೆತಾಯಂದಿರು, ಪಠ್ಯಕ್ರಮ ರೂಪಿಸುವ ಹೊಣೆ ಹೊತ್ತವರು ಎಲ್ಲರೂ ನಿಮ್ಮ ಓದುಗರಲ್ಲಿ ಇರುವುದರಿಂದ, ಬಹಳ ದಿನಗಳಿಂದ ನನ್ನನ್ನು ಕಾಡುತ್ತಿರುವ ಒಂದು ವಿಷಯವನ್ನು ನಿಮ್ಮ ಪತ್ರಿಕೆಯ ಮೂಲಕ ಅವರ ಮುಂದಿಡುತ್ತಿದ್ದೇನೆ. ಕೃಷಿ ಪದವಿ ಮುಗಿಸುವುದರೊಳಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಬೆಳೆಯನ್ನಾದರೂ ನೆಲ ಹದ ಮಾಡುವುದರಿಂದ ಹಿಡಿದು ಒಕ್ಕಿ ತೂಗುವವರೆಗೆ ತಾನೇ ನಿಂತು ಬೆಳೆದಿರಬೇಕು, ಕಾಲೇಜಿನ ವೇಳಾಪಟ್ಟಿ ಇದಕ್ಕೆ ಅಡ್ಡ ಬರುವುದಾದರೆ ಬದಲಾಗಬೇಕಾದದ್ದು ವೇಳಾಪಟ್ಟಿಯೇ ಎಂಬುದು ನನ್ನ ಕೋರಿಕೆ.

ನನ್ನ ಓದಿನ ಮೊದಲ ವರ್ಷದಲ್ಲಿ ನಮ್ಮ ತಂಡಕ್ಕೆ ಮೆಕ್ಕೆಜೋಳದ ಒಂದು ತಾಕು ಕೊಟ್ಟಿದ್ದರು. ಸಾಲು ಎಳೆದು, ಗುಣಿಗೆ ಎರಡೆರಡು ಕಾಳು ಊರಿ, ಮೊಳೆತ ಮೇಲೆ ಹೆಚ್ಚಿನ ಸಸಿಗಳನ್ನು ಕಿತ್ತು, ಪೈರು ಮೊಣಕಾಲೆತ್ತರ ಬಂದಾಗ ಮೇಲುಗೊಬ್ಬರ ಕೊಟ್ಟೆವು. ಸುಳಿಯಿಂದ ಸೂಲಂಗಿ, ಅಂದರೆ ಗಂಡು ಹೂಗೊಂಚಲು, ಇಣುಕುವ ಹೊತ್ತಿಗೆ ಪರೀಕ್ಷೆ ಬಂತು, ಪರೀಕ್ಷೆಯ ಬೆನ್ನಿಗೇ ರಜೆ ಬಂತು. ರಜೆ ಕಳೆದು ಮರಳಿದಾಗ ತಾಕು ಉಳುಮೆಯಾಗಿ ಬೇರೊಂದು ಬಿತ್ತನೆಗೆ ಅಣಿಯಾಗಿತ್ತು. ತೆನೆ ತುಂಬಿದ್ದನ್ನು, ಕಾಳು ಹಾಲುಗಟ್ಟಿದ್ದನ್ನು, ಕಾಳಿನ ಬುಡದಲ್ಲಿ ಕಪ್ಪು ಪದರ ಮೂಡಿ ಬೆಳೆ ಬಲಿತದ್ದನ್ನು ನಮ್ಮಲ್ಲಿ ಒಬ್ಬರೂ ನೋಡಲಿಲ್ಲ. ಆದರೆ ರೆಕಾರ್ಡ್ ಪುಸ್ತಕದಲ್ಲಿ ಇಳುವರಿಯ ಕಲಮನ್ನು ಖಾಲಿ ಬಿಡುವಂತಿರಲಿಲ್ಲ. ಹಿರಿಯ ವಿದ್ಯಾರ್ಥಿಯೊಬ್ಬರ ಪುಸ್ತಕವನ್ನು ಎರವಲು ತಂದು, ಅದರಲ್ಲಿದ್ದ ಅಂಕಿಯನ್ನು ಅಷ್ಟಿಷ್ಟು ತಿದ್ದಿ ಎಲ್ಲರೂ ಬರೆದುಕೊಂಡೆವು. ಅದಕ್ಕೆ ಪೂರ್ಣ ಅಂಕಗಳೂ ಸಿಕ್ಕವು. ಆ ಅಂಕಗಳನ್ನು ನೆನೆದರೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ. ಮುಂದೆ ಬೋಧಕನಾಗಿ ರೆಕಾರ್ಡ್ ತಿದ್ದಲು ಕುಳಿತಾಗ, ವರ್ಷದಿಂದ ವರ್ಷಕ್ಕೆ ಒಂದೇ ತೆರನಾದ ಅಂಕಿಗಳು ಎದುರಾದಾಗಲೆಲ್ಲ ಅವು ಎಲ್ಲಿಂದ ಬಂದವೆಂದು ನನಗೆ ತಿಳಿಯುತ್ತಿತ್ತು.

ಇದನ್ನು ಮಕ್ಕಳ ಸೋಮಾರಿತನ ಎನ್ನಲಾರೆ. ಲೆಕ್ಕವೇ ಹಾಗಿದೆ. 16 ವಾರಗಳ ಒಂದು ಸೆಮಿಸ್ಟರ್ ಎಂದರೆ 112 ದಿನ. ಹೆಸರು ನೋಂದಣಿಗೂ ತರಗತಿಗಳು ಹಳಿಗೆ ಬೀಳುವುದಕ್ಕೂ ಮೊದಲ ಎರಡು ವಾರ, ಪರೀಕ್ಷೆಯ ತಯಾರಿಗೆ ಕೊನೆಯ ಎರಡು ವಾರ ಹೋದರೆ ಹೊಲಕ್ಕೆ ಉಳಿಯುವುದು 80ರಿಂದ 85 ದಿನ. ಮೆಕ್ಕೆಜೋಳದ ಬಹುಪಾಲು ತಳಿಗಳಿಗೆ 100ರಿಂದ 120 ದಿನ ಬೇಕು, ಸೋಯಾ ಅವರೆಗೆ 90ರಿಂದ 110 ದಿನ. ಚಳಿ ಹೆಚ್ಚಿರುವ ನಾಡುಗಳಲ್ಲಿ ಶರತ್ಕಾಲದಲ್ಲಿ ಬಿತ್ತಿದ ಗೋಧಿ ಮರುವರ್ಷದ ಬೇಸಿಗೆಯಲ್ಲಷ್ಟೇ ಕೊಯ್ಲಿಗೆ ಬರುತ್ತದೆ. ಇನ್ನು ಹಣ್ಣಿನ ಗಿಡಗಳ ಮಾತು ಎತ್ತುವುದೇ ಬೇಡ. ಬಿತ್ತನೆಯಾದರೂ ಕಾಲೇಜು ತೆರೆಯುವ ದಿನಕ್ಕೆ ಕಾದು ಕೂರುವುದಿಲ್ಲ. ಮಣ್ಣಿನ ಹದ ಬಂದ ದಿನವೇ ಅದರ ದಿನ. ಹೀಗಾಗಿ ಒಂದು ಬೆಳೆಯ ಬಾಲ್ಯವನ್ನೂ ಇನ್ನೊಂದರ ನಡುಹರೆಯವನ್ನೂ ನೋಡಿದ, ಯಾವುದರ ಮುಪ್ಪನ್ನೂ ನೋಡದ ಪದವೀಧರರು ಹೊರಬರುತ್ತಾರೆ.

ಪದವಿಯ ಪಾಠಗಳನ್ನು ವಿಭಾಗಗಳಾಗಿ ಹಂಚುವುದು ಅನಿವಾರ್ಯವೆಂದು ನಾನು ಒಪ್ಪುತ್ತೇನೆ. ಮಣ್ಣು ವಿಜ್ಞಾನ, ಬೇಸಾಯಶಾಸ್ತ್ರ, ಕೀಟಶಾಸ್ತ್ರ, ಸಸ್ಯರೋಗಶಾಸ್ತ್ರ, ತಳಿ ಅಭಿವೃದ್ಧಿ, ಸೂಕ್ಷ್ಮಜೀವಿ ವಿಜ್ಞಾನ, ಕೃಷಿ ಅರ್ಥಶಾಸ್ತ್ರ, ರೈತರಿಗೆ ತಿಳಿವಳಿಕೆ ಮುಟ್ಟಿಸುವ ವಿಸ್ತರಣೆ ಹೀಗೆ ಒಂದೊಂದಕ್ಕೂ ಬೇರೆ ಬೋಧಕರು, ಬೇರೆ ಕೊಠಡಿ, ಬೇರೆ ಪ್ರಶ್ನೆಪತ್ರಿಕೆ. ಆದರೆ ಹಳದಿ ತಿರುಗಿ ನಿಂತ ಗಿಡವು ತಾನು ಯಾವ ವಿಭಾಗಕ್ಕೆ ಸೇರಿದ್ದೆಂದು ಹೇಳುವುದಿಲ್ಲ. ನಾನು ಬೋಧಕನಾಗಿದ್ದಾಗ, ಬಹಳ ಕೇಳಿಕೊಂಡ ಮೇಲೆ, ಎರಡು ಹಂಗಾಮುಗಳ ಮಟ್ಟಿಗೆ ವಿದ್ಯಾರ್ಥಿಗಳಿಗೆ ತಾಕುಗಳನ್ನು ಹಂಚಿ, ರಜೆಯಲ್ಲೂ ಅವುಗಳನ್ನು ನಡೆಸಲು ಅನುಮತಿ ಸಿಕ್ಕಿತ್ತು. ಒಬ್ಬ ವಿದ್ಯಾರ್ಥಿನಿಯ ಸೋಯಾ ಅವರೆ ತಾಕಿನಲ್ಲಿ ಹೂ ಕಾಣುವ ಹೊತ್ತಿಗೆ ತಗ್ಗಿನ ಮೂಲೆಯ ಗಿಡಗಳು ಹಳದಿಯಾದವು. ಸಾರಜನಕ ಸಾಲದು, ಯೂರಿಯಾ ಕೊಡಿ ಎಂದರು ಕೆಲವು ಸಹಪಾಠಿಗಳು. ಕಬ್ಬಿಣದ ಕೊರತೆ ಎಂದರು ಕೆಲವರು. ನಂಜುರೋಗ ಎಂದವರೂ ಇದ್ದರು. ಎಲ್ಲವೂ ಆಯಾ ಪಠ್ಯದಲ್ಲಿ ಇದ್ದ ಉತ್ತರಗಳೇ. ಮೊದಲು ಬೇರು ನೋಡೋಣ ಎಂದು ನಾನು ಹೇಳಿದೆ.

ಆಕೆ ಏರಿನ ಕಡೆಯ ಒಂದು ಗಿಡವನ್ನೂ ತಗ್ಗಿನ ಒಂದು ಗಿಡವನ್ನೂ ಸಲಿಕೆಯಿಂದ ಹೆಂಟೆಸಹಿತ ಎತ್ತಿ, ಬಕೆಟ್ ನೀರಿನಲ್ಲಿ ನೆನೆಹಾಕಿ, ಬೇರು ಹರಿಯದಂತೆ ಮಣ್ಣು ಬಿಡಿಸಿದಳು. ಏರಿನ ಗಿಡದ ತಾಯಿಬೇರಿನ ಸುತ್ತ ಕಾಳಿನಷ್ಟು ದಪ್ಪದ ಗಂಟುಗಳು ಗುತ್ತಿಯಾಗಿದ್ದವು. ಒಂದನ್ನು ಹೆಬ್ಬೆರಳ ಉಗುರಿನಿಂದ ಸೀಳಿದರೆ ಒಳಗೆಲ್ಲ ಹಸಿ ಮಾಂಸದ ಕೆಂಪು. ತಗ್ಗಿನ ಗಿಡದಲ್ಲಿ ಗಂಟುಗಳು ವಿರಳವಾಗಿದ್ದು, ಸೀಳಿದಾಗ ಒಳಗೆ ಮಾಸಲು ಹಸಿರು, ಕೆಲವು ಬೆರಳಿಗೇ ಕಿವುಚಿಕೊಂಡವು. ಆ ಹೆಂಟೆಯ ಮಣ್ಣು ಮೂಗಿಗೆ ಹಿಡಿದರೆ ಚರಂಡಿಯ ವಾಸನೆ. ಗಂಟಿನೊಳಗಿನ ಕೆಂಪು ಲೆಗ್‌ಹಿಮೋಗ್ಲೋಬಿನ್ನಿನದು, ನಮ್ಮ ರಕ್ತದ ಹಿಮೋಗ್ಲೋಬಿನ್ನನ್ನು ಹೋಲುವ ಆ ವಸ್ತು ಇದ್ದರೆ ಗಂಟಿನೊಳಗಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿವೆ ಎಂದು ಅರ್ಥ. ದ್ವಿದಳ ಸಸ್ಯಗಳ ಬೇರುಗಂಟು ಮಾಡುವ ಕೆಲಸವನ್ನು ಹೆಲ್‌ರೀಗಲ್ ಮತ್ತು ವಿಲ್ಫಾರ್ಟ್ ಎಂಬ ವಿಜ್ಞಾನಿಗಳು 1886ರಲ್ಲಿ ಬಹಿರಂಗಪಡಿಸಿದರು, 1888ರಲ್ಲಿ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು ಎಂಬುದನ್ನು ಆ ತರಗತಿ ಚೆನ್ನಾಗಿಯೇ ಬಾಯಿಪಾಠ ಮಾಡಿತ್ತು. ಗಂಟಿನ ಒಳಬಣ್ಣವನ್ನು ಮಾತ್ರ ಅಂದೇ ಮೊದಲು ಕಂಡದ್ದು. ಹಿಂದಿನ ಮಳೆಯಲ್ಲಿ ಆ ಮೂಲೆಯಲ್ಲಿ ನಾಲ್ಕು ದಿನ ನೀರು ನಿಂತಿತ್ತೆಂದು ಆಕೆಯ ಪುಸ್ತಕದಲ್ಲಿ ಬರೆದಿತ್ತು. ಬೇರಿಗೆ ಉಸಿರಾಡಲು ಗಾಳಿಯೇ ಸಿಗದ ನೆಲದಲ್ಲಿ ಗಂಟುಗಳು ಕೆಲಸ ನಿಲ್ಲಿಸಿದ್ದವು. ಇಲ್ಲಿ ಬೇಕಾದದ್ದು ಯೂರಿಯಾ ಅಲ್ಲ, ಬಸಿಗಾಲುವೆ ಎಂದು ನಾನು ಹೇಳುವ ಮೊದಲೇ ಆಕೆ ಹೇಳಿ, ಅಂದು ಸಂಜೆಯೇ ತೋಡಿದಳು. ಮಣ್ಣಿನ ಭೌತಗುಣ, ಸೂಕ್ಷ್ಮಜೀವಿ, ಬೇಸಾಯ ಕ್ರಮ ಈ ಮೂರೂ ಪಾಠಗಳು ಒಂದೇ ಬೇರಿನಲ್ಲಿ ಕೂಡಿದ್ದನ್ನು ನಾನು ಕಪ್ಪುಹಲಗೆಯ ಮೇಲೆ ಎಂದೂ ತೋರಿಸಲಾಗಿರಲಿಲ್ಲ.

ಸಸ್ಯರೋಗಶಾಸ್ತ್ರದಲ್ಲೂ ಇದೇ ಕತೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಬಂದ ಅಂಗಮಾರಿಯ ಇತಿಹಾಸ ಎಲ್ಲರಿಗೂ ಗೊತ್ತು. ಆದರೆ ಎಲೆಯ ಅಡಿಯಲ್ಲಿ ಆ ರೋಗದ ಬಿಳಿ ಬೂಷ್ಟು ಕಾಣುವುದು ಇಬ್ಬನಿ ಆರದ ಮುಂಜಾನೆಯಲ್ಲಿ, ಪ್ರಾಯೋಗಿಕ ತರಗತಿ ಇರುವುದು ಮಧ್ಯಾಹ್ನ ಎರಡು ಗಂಟೆಗೆ.

ತನ್ನ ತಾಕು ಇದ್ದಾಗ ಅಂಕಿಗಳಿಗೂ ತೂಕ ಬರುತ್ತದೆ. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ, ಅಂದರೆ 20 ಚದರ ಮೀಟರಿನ ತಾಕಿಗೆ ಹೆಕ್ಟೇರಿಗೆ 25 ಕಿಲೋ ಸಾರಜನಕದಂತೆ ಕೊಡಬೇಕೆಂದರೆ 50 ಗ್ರಾಂ ಸಾರಜನಕ ಬೇಕು. ಯೂರಿಯಾದಲ್ಲಿ ಸಾರಜನಕ ಇರುವುದು ನೂರಕ್ಕೆ 46 ಭಾಗವಾದ್ದರಿಂದ ಸುಮಾರು 109 ಗ್ರಾಂ ಯೂರಿಯಾ ತೂಗಬೇಕು. ಪರೀಕ್ಷೆಯಲ್ಲಿ ದಶಾಂಶದ ಚುಕ್ಕೆ ತಪ್ಪಿ ಒಂದು ಕಿಲೋ 90 ಗ್ರಾಂ ಎಂದು ಬರೆದವನಿಗೆ ಒಂದು ಅಂಕ ಹೋಗುತ್ತದೆ, ಹೊಲದಲ್ಲಿ ಅದೇ ತಪ್ಪು ಮಾಡಿದರೆ ಎಳೆಯ ಸಸಿಗಳು ಸುಟ್ಟುಹೋಗುತ್ತವೆ. ಮಣ್ಣಿನ ಮಾದರಿಯೂ ಹಾಗೆಯೇ. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣು 20 ಲಕ್ಷ ಕಿಲೋಗಿಂತಲೂ ಹೆಚ್ಚು ತೂಗುತ್ತದೆ, ಪ್ರಯೋಗಾಲಯಕ್ಕೆ ಹೋಗುವುದು ಅರ್ಧ ಕಿಲೋ. ಆ ಅರ್ಧ ಕಿಲೋವನ್ನು ಗೊಬ್ಬರದ ರಾಶಿ ಇದ್ದ ಜಾಗದಿಂದಲೋ ಬದುವಿನ ಅಂಚಿನಿಂದಲೋ ಬಗೆದು ತಂದರೆ ಮುಂದಿನ ವಿಶ್ಲೇಷಣೆ ಎಷ್ಟು ನಿಖರವಾಗಿದ್ದರೂ ಉತ್ತರ ಸುಳ್ಳಾಗುತ್ತದೆ. ತನ್ನ ಬೆಳೆಗೇ ಗೊಬ್ಬರ ಲೆಕ್ಕ ಹಾಕಬೇಕಾದವನು ಈ ತಪ್ಪನ್ನು ಎರಡನೇ ಸಲ ಮಾಡುವುದಿಲ್ಲ.

ಸಂಖ್ಯಾಶಾಸ್ತ್ರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಲು ಅನುಮತಿ ಕೋರುತ್ತೇನೆ, ಏಕೆಂದರೆ ನಮ್ಮ ವಿದ್ಯಾರ್ಥಿಗಳು ಅತಿ ಹೆಚ್ಚು ಹೆದರುವ ವಿಷಯ ಅದು. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ 1843ರಲ್ಲಿ ಆರಂಭಿಸಿದ ಗೋಧಿಯ ಪ್ರಯೋಗ ಇಂದಿಗೂ ನಡೆಯುತ್ತಿದೆ. ಅದೇ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1910ರಲ್ಲಿ ಮರ್ಸರ್ ಮತ್ತು ಹಾಲ್ ಎಂಬ ಸಂಶೋಧಕರು ಒಂದೇ ಬೀಜ, ಒಂದೇ ಆರೈಕೆಯಲ್ಲಿ ಬೆಳೆದ ಒಂದು ಎಕರೆ ಗೋಧಿಯನ್ನು 500 ತುಂಡುಗಳಾಗಿ ಗುರುತಿಸಿ, ಪ್ರತಿ ತುಂಡನ್ನೂ ಬೇರೆಬೇರೆಯಾಗಿ ಕೊಯ್ದು ತೂಗಿದರು. ಕಣ್ಣಿಗೆ ಸಮನಾಗಿ ಕಂಡ ಆ ಹೊಲದಲ್ಲಿ ಅತಿ ಹೆಚ್ಚು ಕೊಟ್ಟ ತುಂಡಿನ ಕಾಳು ಅತಿ ಕಡಿಮೆ ಕೊಟ್ಟದ್ದರ ಹೆಚ್ಚುಕಡಿಮೆ ಎರಡರಷ್ಟಿತ್ತು. ನೆಲ ಅಡಿಯಿಂದ ಅಡಿಗೆ ಬೇರೆಯಾಗುವಾಗ ಎರಡು ತಳಿಗಳನ್ನು ಪಕ್ಕಪಕ್ಕ ಬಿತ್ತಿ ಒಂದು ಮೇಲು ಎನ್ನುವುದು ಹೇಗೆ? 1919ರಲ್ಲಿ ಅಲ್ಲಿಗೆ ಬಂದ ಸಂಖ್ಯಾಶಾಸ್ತ್ರಜ್ಞ ಫಿಶರ್ ಪ್ರಯೋಗಗಳಲ್ಲಿ ಪುನರಾವರ್ತನೆಯನ್ನೂ (ಒಂದೊಂದು ತಳಿಯನ್ನೂ ಹಲವು ತಾಕುಗಳಲ್ಲಿ ಬೆಳೆಯುವುದು) ಯಾದೃಚ್ಛಿಕ ಹಂಚಿಕೆಯನ್ನೂ (ಯಾವ ತಾಕಿಗೆ ಯಾವುದೆಂದು ಚೀಟಿ ಎತ್ತಿದಂತೆ ನಿರ್ಧರಿಸುವುದು) ಪಟ್ಟು ಹಿಡಿದು ಪ್ರತಿಪಾದಿಸಿದ್ದು ಈ ತೊಡಕಿಗೆ ಉತ್ತರವಾಗಿಯೇ. ಒಂದು ತರಗತಿಯ 60 ಮಕ್ಕಳು ಒಂದೇ ತಳಿಯನ್ನು ಒಂದೇ ವಾರ ಬಿತ್ತಿ, ಒಂದೇ ಪ್ರಮಾಣದ ಗೊಬ್ಬರ ಕೊಟ್ಟು ಬೆಳೆದು, ಕೊನೆಗೆ 60 ತೂಕಗಳನ್ನು ಹಲಗೆಯ ಮೇಲೆ ಬರೆದರೆ, ಒಂದೇ ಆರೈಕೆಯಲ್ಲೂ ತೂಕಗಳು ಬೇರೆಬೇರೆ ಬರುವ ಪ್ರಯೋಗದ ದೋಷ ಎಂದರೇನೆಂದು ಅಂದು ಮತ್ತೆ ವಿವರಿಸಬೇಕಾಗಿಲ್ಲ. ನನ್ನ ಎರಡು ಹಂಗಾಮುಗಳಲ್ಲಿ ಹೀಗೆ ಮಾಡಿ ನೋಡಿದ್ದೇನೆ. ವಿಚಲನೆಯ ಸೂತ್ರ ಕಂಡರೆ ಮುಖ ತಿರುಗಿಸುತ್ತಿದ್ದ ಹುಡುಗರು ತಮ್ಮ ತಾಕು ಸರಾಸರಿಗಿಂತ ಎಷ್ಟು ದೂರ ಇದೆ ಎಂದು ತಾವೇ ಲೆಕ್ಕ ಹಾಕುತ್ತಿದ್ದರು.

ಇದಕ್ಕೆ ಜಾಗ ಎಲ್ಲಿ, ಕೆಲಸಗಾರರು ಎಲ್ಲಿ ಎಂಬ ಆಕ್ಷೇಪ ಪ್ರತಿ ಸಭೆಯಲ್ಲೂ ಬರುತ್ತದೆ. 20 ಚದರ ಮೀಟರಿನಂತೆ 60 ಮಂದಿಗೆ ಬೇಕಾಗುವುದು 1,200 ಚದರ ಮೀಟರ್, ಅಂದರೆ ಒಂದು ಹೆಕ್ಟೇರಿನ ಎಂಟನೇ ಒಂದು ಭಾಗಕ್ಕೂ ಕಡಿಮೆ. ಓಡಾಟದ ದಾರಿಗಳನ್ನು ಸೇರಿಸಿದರೂ ಇಷ್ಟು ನೆಲ ಇಲ್ಲದ ಕೃಷಿ ಕಾಲೇಜಿಗೆ ಕೃಷಿ ಪದವಿ ಕೊಡುವ ಅರ್ಹತೆಯನ್ನೇ ಪ್ರಶ್ನಿಸಬೇಕಾಗುತ್ತದೆ. ಕಳೆ ತೆಗೆಯುವುದು, ನೀರು ಕಟ್ಟುವುದು, ಕೊಯ್ಯುವುದು ಇವೆಲ್ಲ ವಿದ್ಯಾರ್ಥಿಯ ಕೆಲಸವೇ ಆದ್ದರಿಂದ ಕೆಲಸಗಾರರ ಪ್ರಶ್ನೆ ದೊಡ್ಡದಲ್ಲ. ನಿಜವಾದ ತೊಡಕು ರಜೆಯದು. ವಿದ್ಯಾರ್ಥಿಗಳನ್ನು ಗುಂಪು ಮಾಡಿ ಸರದಿಯಲ್ಲಿ ಉಳಿಸಿಕೊಂಡು, ಉಳಿದವರು ಊರಿಗೆ ಹೋದವರ ತಾಕನ್ನೂ ನೋಡಿಕೊಳ್ಳುವ ಏರ್ಪಾಡು ಮಾಡಬಹುದು. ಕೊಯ್ಲಿನ ವಾರಕ್ಕಂತೂ ಎಲ್ಲರೂ ಬರಲೇಬೇಕು. ಇದಕ್ಕಾಗಿ ಈ ಒಂದು ಕೋರ್ಸನ್ನು ಎರಡು ಸೆಮಿಸ್ಟರ್‌ಗಳಿಗೆ ಹಬ್ಬಿಸಿ, ಮೊದಲನೆಯದರಲ್ಲಿ ನೋಂದಣಿ, ಎರಡನೆಯದರಲ್ಲಿ ಫಲಿತಾಂಶ ಎಂದು ಮಾಡಿದರೆ ನಿಯಮಗಳ ತೊಡಕೂ ಬಗೆಹರಿಯುತ್ತದೆ.

ಅಂಕ ಕೊಡುವ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಇಳುವರಿಗೆ ಅಂಕ ಕೊಟ್ಟರೆ ನಮ್ಮ ಕಾಲದ ನಕಲು ಮತ್ತೆ ಶುರುವಾಗುತ್ತದೆ, ಯಾಕೆಂದರೆ 20 ಚದರ ಮೀಟರಿನ ತೂಕವನ್ನು ಹೆಕ್ಟೇರಿಗೆ ಏರಿಸಲು 500ರಿಂದ ಗುಣಿಸಬೇಕು, ತಕ್ಕಡಿಯಲ್ಲಿ ನೂರು ಗ್ರಾಂ ಹೆಚ್ಚಿಸಿ ಬರೆದರೆ ಹೆಕ್ಟೇರಿಗೆ 50 ಕಿಲೋ ಹೆಚ್ಚಾಗಿ ಕಾಣುತ್ತದೆ. ಅಂಕ ಸಲ್ಲಬೇಕಾದದ್ದು ಹೊಲದ ಪುಸ್ತಕಕ್ಕೆ: ಯಾವ ದಿನ ಏನು ಕಂಡಿತು, ಏನು ಮಾಡಲಾಯಿತು, ಯಾಕೆ ಮಾಡಲಾಯಿತು ಎಂಬ ಬರಹಕ್ಕೆ. ಬೆಳೆ ಪೂರ್ತಿ ಹಾಳಾದರೂ, ಹಾಳಾದದ್ದು ಹೇಗೆಂದು ಬರೆದಿಟ್ಟವನಿಗೆ ಪೂರ್ಣ ಅಂಕ ಸಿಗಬೇಕು. ತಗ್ಗಿನ ಮೂಲೆಯಲ್ಲಿ ನೀರು ನಿಂತ ಆ ನಾಲ್ಕು ದಿನಗಳ ಟಿಪ್ಪಣಿ ಇಲ್ಲದಿದ್ದರೆ ನಮಗೆ ಆ ಗಿಡದ ಕಾಯಿಲೆ ಗೊತ್ತಾಗುತ್ತಿರಲಿಲ್ಲ.

ಈ ಪದವಿಗೆ ಸೇರಲಿರುವ ಮಕ್ಕಳಲ್ಲಿ ಒಂದು ಮನವಿ. ಕಾಲೇಜನ್ನು ಆರಿಸುವಾಗ ಕಟ್ಟಡವನ್ನೂ ಪ್ರಯೋಗಾಲಯವನ್ನೂ ನೋಡಿರಿ, ಜೊತೆಗೆ ಹಿರಿಯ ವಿದ್ಯಾರ್ಥಿಗಳನ್ನು ಹುಡುಕಿ, ಅವರು ಬಿತ್ತಿದ ಬೆಳೆಯನ್ನು ಕೊಯ್ದವರು ಯಾರೆಂದು ಕೇಳಿರಿ. ಪಠ್ಯಕ್ರಮವನ್ನು ಪರಿಷ್ಕರಿಸಲು ಕೂರುವ ಹಿರಿಯರು ಮುಂದಿನ ಸಭೆಗೆ ಬರುವಾಗ ಶೈಕ್ಷಣಿಕ ವೇಳಾಪಟ್ಟಿಯ ಪಕ್ಕದಲ್ಲಿ ತಮ್ಮ ಪ್ರದೇಶದ ಒಂದು ಬೆಳೆಯ ವೇಳಾಪಟ್ಟಿಯನ್ನೂ ಹರಡಿಕೊಂಡು, ಬಿತ್ತನೆ ಮತ್ತು ಕೊಯ್ಲು ಎರಡೂ ದಿನಗಳಂದು ವಿದ್ಯಾರ್ಥಿ ಹೊಲದಲ್ಲಿ ಇರುವಂತೆ ಗೆರೆ ಎಳೆಯಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಬೇಸಾಯಶಾಸ್ತ್ರದ ನಿವೃತ್ತ ಬೋಧಕ