ಸೊನ್ನೆಯನ್ನೂ ಬರೆದಿದ್ದೇನೆ

ಕೂಸೇ,

ಬೆಂಗಳೂರು ಮುಟ್ಟಿದ ಸುದ್ದಿಯನ್ನು ಆಯಿಗೆ ಮಾತ್ರ ಮೆಸೇಜ್ ಮಾಡಿದ್ದೀಯ. ಇರಲಿ. ಚಿಕ್ಕಪ್ಪನ ಎದುರು ನನ್ನ ಮಂಗಟ್ಟೆ ಹಕ್ಕಿಯ ಲೆಕ್ಕ ತಪ್ಪು ಅಂತ ನೀನು ಹೇಳಿದ್ದು, ನಾನು ರೇಗಿದ್ದು ನಿನಗೂ ನೆನಪಿದೆ, ನನಗೂ ನೆನಪಿದೆ.

ನೀನು ಬಸ್ಸು ಹತ್ತಿದ ರಾತ್ರಿ ನಿದ್ದೆ ಬರಲಿಲ್ಲ. ಡಾರ್ವಿನ್ ಪತ್ರಗಳನ್ನು ತೆಗೆದು ಕೂತೆ. 1842ರಲ್ಲಿ ಅವನು ಲಂಡನ್ ಬಿಟ್ಟು ಕೆಂಟಿನ ಡೌನ್ ಹಳ್ಳಿಗೆ ಬಂದಾಗ ನೆರೆಮನೆಯ ಜಾನ್ ಲಬಕ್ 8 ವರ್ಷದ ಹುಡುಗ. ಅವನಿಗೊಂದು ಸೂಕ್ಷ್ಮದರ್ಶಕ ಕೊಡಿಸಿ ಅಂತ ಅವನಪ್ಪನಿಗೆ ಹೇಳಿದ್ದೂ ಡಾರ್ವಿನ್ನೇ.

ನಾನು ಮತ್ತೆ ಮತ್ತೆ ಓದಿದ್ದು 1857ರ ಜುಲೈನ ಪತ್ರ. ಪ್ರಭೇದಗಳು ಜಾಸ್ತಿ ಇರುವ ಸಸ್ಯಕುಲಗಳಲ್ಲಿ ಬದಲಾವಣೆಯೂ ಜಾಸ್ತಿ ಅಂತ ತೋರಿಸಲು ಡಾರ್ವಿನ್ ಎಣಿಸಿ ಎಣಿಸಿ ಪಟ್ಟಿ ಮಾಡಿದ್ದ. ಹೋಲಿಸಿದ ಕ್ರಮವೇ ಸರಿಯಿಲ್ಲ ಅಂತ ಲಬಕ್ ಹೇಳಿದ. ಆಗ ಅವನಿಗೆ 23, ಡಾರ್ವಿನ್‌ಗೆ 48. ಡಾರ್ವಿನ್ ಏನು ಬರೆದ ಗೊತ್ತಾ? ನಿನ್ನ ದಾರಿಯೇ ಸರಿ, ನನ್ನ ತಲೆ ತಿಳಿಯಾಯಿತು, ಬರೆದದ್ದನ್ನೆಲ್ಲ ಹರಿದು ಹಾಕುವ ಹಾಗಾಗಿದೆ, ಮತ್ತೆ ಎಲ್ಲ ನೋಡಲು ಹಲವು ವಾರ ಬೇಕು ಅಂತ. ಜೊತೆಗೆ ಥ್ಯಾಂಕ್ಸ್ ಬೇರೆ!

ನಾನು ಹೇಳಿದ್ದು "ನಿಂಗೆಂತ ಗೊತ್ತು" ಅಂತ.

ನೀನು ಹೇಳಿದ್ದು ಸರಿ. ಅತ್ತಿ ಮರಕ್ಕೆ ಬರುವ ಮಂಗಟ್ಟೆ ಹೆಚ್ಚಾಗಿಲ್ಲ. ರಿಟೈರ್ ಆದ ಮೇಲೆ ನಾನು ಜಗಲಿಯಲ್ಲಿ ಕೂರುವುದು ಹೆಚ್ಚಾಗಿದೆ. ಎಣಿಸಿದ ಹಕ್ಕಿಗಳನ್ನು ಕೂತ ಗಂಟೆಯಿಂದ ಭಾಗಿಸಿ ನೋಡಿದೆ. ಹನ್ನೆರಡು ವರ್ಷದ ಏರಿಕೆ ಮಂಗಮಾಯ. ಅದನ್ನೇ ನಂಬಿ ಬರೆದದ್ದು ನಲವತ್ತು ಪುಟದ ಲೇಖನ, ಕೂಸೇ. ಸಿಟ್ಟು ನಿನ್ನ ಮೇಲೆ ಇರಲಿಲ್ಲ. ಸ್ವಲ್ಪ ಇತ್ತು.

ಆದರೂ ಒಂದು ಮಾತು. ದೊಡ್ಡವರ ತಪ್ಪನ್ನು ನಾಲ್ಕು ಜನ ಇರುವಾಗ ಹೇಳಬಾರದು. ನಾಳೆ ನಿನ್ನ ಗೈಡ್ ಹತ್ತಿರವೂ ಹಾಗೇ ಮಾಡಿದರೆ ಏನು ಗತಿ? ಎಲ್ಲರೂ ಡಾರ್ವಿನ್ ಆಗಿರುವುದಿಲ್ಲ. ಮತ್ತೆ, ಊಟ ಬಿಟ್ಟು ಕಂಪ್ಯೂಟರ್ ಮುಂದೆ ಕೂರಬೇಡ. ನೋಡು, ಕ್ಷಮೆ ಕೇಳಲು ಕೂತವನು ಪಾಠ ಶುರು ಮಾಡಿದೆ.

ಚಿಕ್ಕಪ್ಪ ಹೋಗುವಾಗ "ನಿನ್ನ ಮಗಳು ಜೋರಿದ್ದಾಳೆ" ಅಂದ. ಹೌದು ಅಂದೆ. ಖುಷಿಯಾಗಿತ್ತು, ತೋರಿಸಲಿಲ್ಲ.

ಇವತ್ತು ಬೆಳಿಗ್ಗೆ ಆರರಿಂದ ಏಳರವರೆಗೆ ಕೂತಿದ್ದೆ. ಒಂದೂ ಬರಲಿಲ್ಲ. ಮೊದಲಾಗಿದ್ದರೆ ಏನೂ ಬರೆಯುತ್ತಿರಲಿಲ್ಲ. ಇವತ್ತು ಒಂದು ಗಂಟೆ, ಸೊನ್ನೆ ಅಂತ ಬರೆದಿದ್ದೇನೆ. ಹಾಗೇ ಅಲ್ವಾ?

ಅಪ್ಪ