ಆನರ್ಸ್ ವರ್ಷಕ್ಕೆ ಗೈಡ್ ಹುಡುಕುತ್ತಿರುವವರಿಗೆ

ಫಿಸಿಕ್ಸ್ ಆನರ್ಸ್‌ಗೆ (ಪ್ರಾಜೆಕ್ಟ್ ಮಾಡಿ ಥೀಸಿಸ್ ಬರೆಯುವ ವರ್ಷ) ಸೇರುವವರು ಮೊದಲು ಗೈಡ್, ಅಂದರೆ ಪ್ರಾಜೆಕ್ಟ್‌ಗೆ ದಾರಿ ತೋರಿಸುವ ಮೇಷ್ಟ್ರು, ಯಾರು ಅಂತ ನೋಡಿ, ವಿಷಯ ಆಮೇಲೆ. ಬ್ಲ್ಯಾಕ್ ಹೋಲ್ ಅಂದ ಕೂಡಲೇ ಮನಸ್ಸು ಹಾರುತ್ತದೆ, ಗೊತ್ತು. ಆದರೆ ವಾರಕ್ಕೊಮ್ಮೆಯೂ ಕೂತು ಮಾತಾಡದ ಗೈಡ್ ಸಿಕ್ಕರೆ ವರ್ಷ ಕೈಜಾರಿದ ಹಾಗೇ. ಅವರ ಹಳೇ ವಿದ್ಯಾರ್ಥಿಗಳನ್ನು ಸುಮ್ನೆ ಒಮ್ಮೆ ವಿಚಾರಿಸಿ.

ಕ್ವಾಂಟಮ್, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಪಾಠಗಳು ಹೇಗೂ ಜೊತೆಗಿರುತ್ತವೆ. ಸಮಯ ಜಾಸ್ತಿ ತಿನ್ನುವುದು ಪ್ರಾಜೆಕ್ಟೇ. ಲೇಸರ್ ಬೆಳಕನ್ನು ಫೈಬರ್ (ಬೆಳಕು ಸಾಗಿಸುವ ತೆಳು ಗಾಜಿನ ಎಳೆ) ಒಳಗೆ ಬಿಡುವುದಕ್ಕೇ ನನಗೆ ಮೂರು ವಾರ ಹಿಡಿಯಿತು. ಸಿಂಗಲ್ ಮೋಡ್ (ಬೆಳಕು ಒಂದೇ ವಿನ್ಯಾಸದಲ್ಲಿ ಸಾಗುವ) ಫೈಬರ್‌ನಲ್ಲಿ ಬೆಳಕು ಹೋಗುವ ದಾರಿ ಸಾಮಾನ್ಯವಾಗಿ 10 ಮೈಕ್ರೋಮೀಟರ್‌ಗೂ (ಮಿಲಿಮೀಟರ್‌ನ ನೂರರಲ್ಲೊಂದು ಭಾಗ) ಕಿರಿದು. ಬೆಳಕನ್ನು ಗುರಿಗೆ ಹೊಂದಿಸುವ ತಿರುಪು ಒಂಚೂರು ಅಲುಗಿದರೂ ಬೆಳಕು ಮಾಯ! ಹಾಗಾಗಿ ಲ್ಯಾಬ್ ಕೆಲಸ ಮುಗಿಯಲಿ ಅಂತ ಕಾಯದೆ ಥೀಸಿಸ್ ಬರೆಯಲು ಶುರು ಮಾಡಿ.

ಯಾರ್‍ಯಾರು ಯಾವ ವಿಷಯ ಯೋಚಿಸಿದ್ದೀರಿ? ಭಾನುವಾರದೊಳಗೆ ಇಲ್ಲೇ ಹಾಕಿ.